ಹಟ್ಟಿಯಿಂದ ಬಂದ ಜ್ವರ, ಮಾಂಸದೊಳಗೆ ಕೂತ ಕೀವು

ಎಮ್ಮೆ, ಆಡು ದಿನ ತುಂಬುವ ಮೊದಲೇ ಕಂದು ಹಾಕುವ ರೋಗ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಮನುಷ್ಯರಿಗೂ ಬರುತ್ತದೆ ಅನ್ನುವುದು ಗೊತ್ತಿರುವವರು ಕಡಿಮೆ. ವೈದ್ಯರು ಅದನ್ನು ಬ್ರುಸೆಲ್ಲೋಸಿಸ್ ಅನ್ನುತ್ತಾರೆ. ನನಗೆ ಅದು ಬಂತು. ಮೊದಲು ಜ್ವರವಾಗಿ ಬಂದು, ಆಮೇಲೆ ಸೊಂಟದ ಕೆಳಗಿನ ಮಾಂಸಖಂಡದಲ್ಲಿ ಕೀವಾಗಿ ಕೂತಿತು. ಈ ರೋಗದಲ್ಲಿ ಮಾಂಸಖಂಡದೊಳಗೆ ಕೀವಾಗುವುದು ಬಲು ಅಪರೂಪ. ಅಂಥ ಒಬ್ಬೊಬ್ಬ ರೋಗಿಯ ಬಗ್ಗೆಯೂ ವೈದ್ಯರು ಬೇರೆಯಾಗಿ ಬರೆದು ಪ್ರಕಟಿಸುವಷ್ಟು ಅಪರೂಪ. ಆದರೆ ಮೂಲ ರೋಗ ಅಪರೂಪದ್ದಲ್ಲ. ಬಾಗಲಕೋಟೆ, ವಿಜಯಪುರದಂಥ ಆಡು-ಕುರಿ-ಎಮ್ಮೆಗಳ ಜಿಲ್ಲೆಗಳಲ್ಲಿ ಅದು ಮೊದಲಿಂದಲೂ ಇದೆ. ಅದಕ್ಕೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು.

ನಮ್ಮೂರು ಹುನಗುಂದ ತಾಲ್ಲೂಕಿನಲ್ಲಿದೆ. ಅಮೀನಗಡದ ಕುರಿ ಸಂತೆ ನಮಗೆ ಹತ್ತಿರ. ಹೊಲ ಮಳೆಯನ್ನೇ ನಂಬಿದ್ದು; ಜೋಳ, ಕಡಲೆ, ತೊಗರಿ. ಮಳೆ ಕೈಕೊಟ್ಟ ವರ್ಷ ನಮ್ಮನ್ನು ಕಾಪಾಡುವುದು ಆಡುಗಳೇ. ನಮ್ಮ ಯಜಮಾನರು ಇಳಕಲ್ಲಿನ ಗ್ರಾನೈಟ್ ಕೆಲಸಕ್ಕೆ ಹೋಗುತ್ತಾರೆ. ಹಟ್ಟಿಯ ಕೆಲಸ ನನ್ನದು ಮತ್ತು ನಮ್ಮ ಅತ್ತೆಯದು. ಮೇವು, ನೀರು, ಸಗಣಿ, ಹಾಲು, ಈಯುವ ಹೊತ್ತಿನ ಆರೈಕೆ ಎಲ್ಲ ನಮ್ಮಿಬ್ಬರ ಕೈಯಲ್ಲೇ ಆಗಬೇಕು.

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಗಬ್ಬದ ಆಡುಗಳು ಒಂದರ ಹಿಂದೆ ಒಂದು ಕಂದು ಹಾಕಿದವು. ಮರಿಗಳಿಗೆ ಕೂದಲು ಬಂದಿತ್ತು. ಇನ್ನೇನು ಈಯುವ ಸಮಯವೇ ಹತ್ತಿರ ಬಂದಿತ್ತು. ಒಂದು ಆಡಿಗೆ ಕಸ, ಅಂದರೆ ಮಾಸು, ಬೀಳಲಿಲ್ಲ. ರಾತ್ರಿ ಲಾಟೀನು ಹಿಡಿದುಕೊಂಡು ಅತ್ತೆ ಪಕ್ಕದಲ್ಲಿ ಕೂತರು. ನಾನು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕಸ ಬಿಡಿಸಿದೆ. ಊರಲ್ಲಿ ಎಲ್ಲರೂ ಮಾಡುವುದು ಹೀಗೇ. ನಮ್ಮ ಅತ್ತೆಯ ಅತ್ತೆಯೂ ಹೀಗೇ ಮಾಡುತ್ತಿದ್ದರಂತೆ. ತೊಗರಿ ಕೊಯ್ಲಿನ ದಿನಗಳಾದ್ದರಿಂದ ಕೈಬೆರಳುಗಳ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ಕಂದು ಹಾಕಿದ ಆಡಿನ ಕಸದಲ್ಲಿ, ಆ ನೀರಿನಲ್ಲಿ ಈ ರೋಗಾಣು ಲೆಕ್ಕವಿಲ್ಲದಷ್ಟು ಇರುತ್ತದೆ. ಚರ್ಮದ ಒಂದು ಗೀರು ಸಾಕು, ಒಳಗೆ ಹೋಗುತ್ತದೆ. ಕಣ್ಣಿಗೆ ಸಿಡಿದರೂ ಹೋಗುತ್ತದೆ, ಉಸಿರಿನಲ್ಲೂ ಹೋಗುತ್ತದೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಆಸ್ಪತ್ರೆಯ ಹಾಸಿಗೆಯ ಮೇಲೆ.

ಶಿವರಾತ್ರಿ ಹೊತ್ತಿಗೆ ಜ್ವರ ಶುರುವಾಯಿತು. ಬೆಳಗ್ಗೆ ಮೈ ತಣ್ಣಗಿರುತ್ತಿತ್ತು. ಕೆಲಸ ಮಾಡಬಹುದು ಅನ್ನಿಸುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಳಿ ಬಿಟ್ಟುಕೊಳ್ಳುತ್ತಿತ್ತು. ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲುತ್ತಿರಲಿಲ್ಲ. ಮಧ್ಯರಾತ್ರಿ ಮೇಲೆ ಬೆವರು. ಸೀರೆ, ದಿಂಬು, ಕೌದಿ ಎಲ್ಲ ತೊಯ್ದು ಹೋಗುತ್ತಿತ್ತು. ಆ ಬೆವರಿಗೆ ಒಂಥರಾ ಹುಳಿ ವಾಸನೆ. ಸೊಂಟ ನೋವು, ಮಂಡಿ ನೋವು ಬೇರೆ. ರೊಟ್ಟಿ ಮುರಿದು ಬಾಯಿಗಿಡಲೂ ಮನಸ್ಸಿರಲಿಲ್ಲ. ಕೆಲವು ದಿನ ಜ್ವರ ತಾನಾಗೇ ಬಿಟ್ಟು, ಆರಾಮಾಯಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಅತ್ತೆ ಒಂದು ಬೆಳಗ್ಗೆ ನನ್ನ ತೊಯ್ದ ಹಾಸಿಗೆ ಒಣಗಿಸುತ್ತಾ, "ಯವ್ವಾ, ಇದು ಹಂಗ ಸುಮ್ನ ಹೋಗೂ ಜ್ವರ ಅಲ್ಲ" ಅಂದರು.

ಹತ್ತಿರದ ಪಟ್ಟಣದ ಕ್ಲಿನಿಕ್ಕಿನಲ್ಲಿ ರಕ್ತ ತೆಗೆದರು. ವಿಡಾಲ್ ಪಾಸಿಟಿವ್, ಟೈಫಾಯ್ಡ್ ಅಂದರು. ಸಲೈನ್, ಇಂಜೆಕ್ಷನ್, ಗುಳಿಗೆ. ಜ್ವರ ಇಳಿಯಿತು. ಗುಳಿಗೆ ಮುಗಿದು ಸ್ವಲ್ಪ ದಿನಕ್ಕೆ ಮತ್ತೆ ಬಂತು. ಮತ್ತೆ ವಿಡಾಲ್, ಮತ್ತೆ ಟೈಫಾಯ್ಡ್. ಇದರಲ್ಲೊಂದು ಸಿಕ್ಕು ಇದೆ. ನಮ್ಮ ದೇಶದಲ್ಲಿ ಹಿಂದೆ ಎಂದೋ ಟೈಫಾಯ್ಡ್ ಬಂದು ಹೋದವರ ರಕ್ತದಲ್ಲೂ ವಿಡಾಲ್ ಪಾಸಿಟಿವ್ ಬರಬಹುದು. ಇನ್ನು ಟೈಫಾಯ್ಡಿಗೆ ಕೊಡುವ ಕೆಲವು ಆ್ಯಂಟಿಬಯಾಟಿಕ್‌ಗಳು ಬ್ರುಸೆಲ್ಲೋಸಿಸ್ ತರುವ ಬ್ರುಸೆಲ್ಲಾ ರೋಗಾಣುವನ್ನೂ ಅಷ್ಟಿಷ್ಟು ತಡೆಯುತ್ತವೆ. ಜ್ವರ ಇಳಿದಾಗ ರೋಗ ಗುರುತಿಸಿದ್ದು ಸರಿ ಅಂತಲೇ ಎಲ್ಲರಿಗೂ ಅನ್ನಿಸುತ್ತದೆ. ರೋಗಾಣು ಮಾತ್ರ ಒಳಗೇ ಇರುತ್ತದೆ. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ನುಂಗಿ ಕೊಲ್ಲುವ ಬಿಳಿ ಕಣಗಳಿವೆಯಲ್ಲ, ಬ್ರುಸೆಲ್ಲಾ ಅವುಗಳ ಒಳಗೇ ಅಡಗಿ ಕೂತು ಬೆಳೆಯುತ್ತದೆ. ಹತ್ತು ದಿನದ ಔಷಧಿ ಅಲ್ಲಿಯವರೆಗೆ ಮುಟ್ಟಿ ಅದನ್ನು ಪೂರ್ತಿ ಕೊಲ್ಲುವುದಿಲ್ಲ.

ಯುಗಾದಿ ಮುಂದೆ ಬಲಗಡೆ ಸೊಂಟದ ಕೆಳಗೆ, ಕೂರುವ ಭಾಗದ ಮೇಲ್ಗಡೆ ಒಂದು ಗಟ್ಟಿ ಬಾವು ಬಂತು. ಮೊದಲು ಮುಟ್ಟಿದರಷ್ಟೇ ನೋವು. ಆಮೇಲೆ ಕೂರಲು ಆಗದು, ಮಗ್ಗುಲು ಬದಲಿಸಲು ಆಗದು. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದೆ. ಅದೇ ಜಾಗದಲ್ಲಿ ಜ್ವರದ ಇಂಜೆಕ್ಷನ್‌ಗಳನ್ನು ಚುಚ್ಚಿದ್ದರಿಂದ ಅದನ್ನು ಇಂಜೆಕ್ಷನ್ ಗಡ್ಡೆ ಅಂದರು. ಹಾಗೆ ಅನ್ನಿಸುವುದು ಸಹಜವೇ. ಇಂಜೆಕ್ಷನ್ ಮಾಡಿಸಿಕೊಂಡ ಜಾಗದಲ್ಲಿ ಕೀವಾಗಿದ್ದನ್ನು ಊರಲ್ಲಿ ಎಲ್ಲರೂ ನೋಡಿದ್ದಾರೆ.

ಒಂದು ಸಣ್ಣ ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ತುಂಬಾ ಬಂತು. ಅದನ್ನು ಕಲ್ಚರ್‌ಗೆ ಕಳಿಸಿದರು. ಎರಡು ದಿನಕ್ಕೆ ರಿಪೋರ್ಟ್ ಬಂತು: ಯಾವ ರೋಗಾಣುವೂ ಬೆಳೆದಿಲ್ಲ. ಗಾಯಕ್ಕೆ ಬಟ್ಟೆ ತುಂಬಿ, ಡ್ರೆಸ್ಸಿಂಗ್ ಮಾಡಿ ಕಳಿಸಿದರು. ಗಾಯ ಮೇಲ್ಗಡೆ ಮುಚ್ಚಿಕೊಳ್ಳುವುದು, ಒಂದು ಮೂಲೆಯಲ್ಲಿ ತೆರೆದುಕೊಂಡು ನೀರಿನಂಥ ಕೀವು ಒಸರುವುದು ನಡೆದೇ ಇತ್ತು. ಸಂಜೆ ಜ್ವರ ತನ್ನ ಪಾಡಿಗೆ ತಾನು ಬರುತ್ತಿತ್ತು. ಮೈ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಮೇಲೆ ಯಾರೋ ಟಿ.ಬಿ. ಇರಬೇಕು ಅಂದರು. ಆ ಮಾತು ಕೇಳಿ ನಮ್ಮ ಯಜಮಾನರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಂಡು ಜಿಲ್ಲೆ ದಾಟಿ ದೊಡ್ಡ ಆಸ್ಪತ್ರೆಗೆ ಹೋದೆವು. ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್ ಸೌಲಭ್ಯ ಸಿಗಬೇಕಾದರೆ ಆ ಚೀಟಿ ಬೇಕೇ ಬೇಕು. ಹೋಗುವವರು ಮರೆಯಬೇಡಿ. ಅಲ್ಲಿ ನನ್ನ ಕೇಸ್ ಬರೆದುಕೊಂಡಿದ್ದು ಇನ್ನೂ ಓದುತ್ತಿದ್ದ ಒಬ್ಬ ಡಾಕ್ಟರ್. ಚಿಕ್ಕ ಹುಡುಗಿ, ಮಾತು ನಮ್ಮ ಕಡೆಯದೇ. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿದಳು. ನೋಡಿ ಮುಗಿಸಿ, ನನ್ನ ಕಡೆ ತಿರುಗಿ ಕೇಳಿದಳು.

"ಅಕ್ಕಾರ, ಮನ್ಯಾಗ ಏನೇನ್ ಸಾಕೀರಿ?"

"ಎರಡ ಎಮ್ಮಿ ಅದಾವ್ರಿ. ಮತ್ತ ಆಡು."

"ಹಾಲ ಹಸೀದ ಕುಡೀತೀರೇನ್ರಿ?"

"ಇಲ್ರಿ, ಕಾಸೇ ಕುಡೀತೀವಿ."

"ಈ ವರ್ಷ ಯಾವುದರ ಕಂದ ಹಾಕೇತೇನ್ರಿ?"

"ಹೂಂರಿ. ಆಡು ಹಾಕ್ಯಾವ."

"ಕಸಾ ಯಾರ ತಗದ್ರಿ?"

"ನಾನ ರೀ."

ಆಕೆ ಪೆನ್ನು ಕೆಳಗಿಟ್ಟು ದೊಡ್ಡ ಡಾಕ್ಟರನ್ನು ಕರೆತರಲು ಎದ್ದುಹೋದಳು. ಅಷ್ಟು ತಿಂಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆಡು ಕಂದು ಹಾಕಿದ್ದನ್ನು ಜ್ವರದ ಡಾಕ್ಟರಿಗೆ ಹೇಳಬೇಕು ಅಂತ ನಮಗಾದರೂ ಹೇಗೆ ಹೊಳೆಯಬೇಕು? ಅದು ದನದ ಡಾಕ್ಟರಿಗೆ ಹೇಳುವ ಮಾತು ಅಂತ ನಾವು ತಿಳಿದಿದ್ದೆವು. ಈಗ ನಾನು ಸಿಕ್ಕವರಿಗೆಲ್ಲ ಹೇಳುವುದು ಇದೊಂದೇ. ದವಾಖಾನೆಗೆ ಹೋದಾಗ ಅವರು ಕೇಳಲಿ ಬಿಡಲಿ, ಹಟ್ಟಿಯ ಸಂಗತಿಯನ್ನೂ ಹೇಳಿ. ಏನು ಸಾಕಿದ್ದೀರಿ, ಯಾವುದು ಯಾವಾಗ ಕಂದು ಹಾಕಿತು, ಯಾರು ಮುಟ್ಟಿದರು, ಹಸಿ ಹಾಲು ಯಾರು ಕುಡಿಯುತ್ತಾರೆ, ಎಲ್ಲವನ್ನೂ.

ಅವತ್ತೇ ರೋಸ್ ಬೆಂಗಾಲ್ ಅನ್ನುವ ಪರೀಕ್ಷೆ ಮಾಡಿದರು. ಒಂದು ಹನಿ ರಕ್ತದ ತಿಳಿಯನ್ನು ಗುಲಾಬಿ ಬಣ್ಣದ ದ್ರಾವಣದ ಜೊತೆ ಬೆರೆಸಿ ಅಲ್ಲಾಡಿಸುತ್ತಾರೆ. ಬ್ರುಸೆಲ್ಲಾ ವಿರುದ್ಧದ ಪ್ರತಿಕಾಯ ಇದ್ದರೆ ಕೆಲವೇ ನಿಮಿಷದಲ್ಲಿ ಹರಳು ಹರಳಾಗಿ ಗಂಟು ಕಟ್ಟುತ್ತದೆ. ನನ್ನದು ಕಟ್ಟಿತು. ಇದು ದುಬಾರಿ ಪರೀಕ್ಷೆಯೇನೂ ಅಲ್ಲ. ಆಮೇಲೆ ಟ್ಯೂಬಿನಲ್ಲಿ ಮಾಡುವ ಇನ್ನೊಂದು ಪರೀಕ್ಷೆಯಲ್ಲಿ 1:640 ಬಂತು, ಅಂದರೆ ರಕ್ತದ ತಿಳಿಯನ್ನು 640 ಪಟ್ಟು ತೆಳುಮಾಡಿದರೂ ಗಂಟು ಕಟ್ಟಿತು. ರೋಗದ ಲಕ್ಷಣ ಇದ್ದು 1:160 ಅಥವಾ ಅದಕ್ಕಿಂತ ಮೇಲೆ ಬಂದರೆ ನಮ್ಮ ಕಡೆ ಅದನ್ನು ಬ್ರುಸೆಲ್ಲೋಸಿಸ್ ಅಂತ ಹಿಡಿಯುತ್ತಾರೆ.

ರಕ್ತವನ್ನೂ, ಹೊಸದಾಗಿ ಸೂಜಿ ಹಾಕಿ ತೆಗೆದ ಕೀವನ್ನೂ ಕಲ್ಚರ್‌ಗೆ ಕಳಿಸಿದರು. ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಬ್ರುಸೆಲ್ಲಾ ಶಂಕೆ' ಅಂತ ಬರೆದಿದ್ದರು. ಯಾಕೆ ಅಂತ ಕೇಳಿದೆ. ಎರಡು ಕಾರಣ ಹೇಳಿದರು. ಈ ರೋಗಾಣು ಬಹಳ ನಿಧಾನ ಬೆಳೆಯುತ್ತದೆ. ಎರಡು ದಿನ ನೋಡಿ ಎಸೆದರೆ ಸಿಗುವುದೇ ಇಲ್ಲ. ಯಂತ್ರದಲ್ಲಿ ಇಟ್ಟರೂ ಹಲವು ದಿನ ಬೇಕು. ಹಳೆಯ ವಿಧಾನದಲ್ಲಾದರೆ ಮೂರು ವಾರದವರೆಗೂ ಕಾಯುತ್ತಾರೆ. ಇನ್ನೊಂದು ಕಾರಣ, ಲ್ಯಾಬಿನವರ ಜೀವ. ಬೆಳೆದ ರೋಗಾಣುವಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿದರೂ ಸಾಕು, ಅಲ್ಲಿ ಕೆಲಸ ಮಾಡುವವರಿಗೆ ರೋಗ ಹತ್ತುತ್ತದೆ. ಪ್ರಯೋಗಾಲಯದಲ್ಲಿ ತಗಲುವ ರೋಗಗಳಲ್ಲಿ ಇದು ಮುಂಚೂಣಿಯದು. ಮೊದಲೇ ಗೊತ್ತಿದ್ದರೆ ಅವರು ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ಕೆಲಸ ಮಾಡುತ್ತಾರೆ. ನನ್ನ ಕಾಯಿಲೆಯಿಂದ ಕಾಣದ ಯಾರೋ ಒಬ್ಬ ಹುಡುಗನಿಗೆ ತೊಂದರೆ ಆಗಬಹುದಿತ್ತು ಅನ್ನುವುದು ಕೇಳಿ ಮೈ ಜುಮ್ಮೆಂದಿತು.

ರಕ್ತದಲ್ಲೂ ಕೀವಿನಲ್ಲೂ ಬ್ರುಸೆಲ್ಲಾ ಮೆಲಿಟೆನ್ಸಿಸ್ ಬೆಳೆಯಿತು. ಆಡು, ಕುರಿಗಳಲ್ಲಿ ಮುಖ್ಯವಾಗಿ ಇರುವ ಜಾತಿ ಇದು. ದನ, ಎಮ್ಮೆಗಳಲ್ಲಿ ಮುಖ್ಯವಾಗಿ ಇರುವುದು ಬ್ರುಸೆಲ್ಲಾ ಅಬಾರ್ಟಸ್. ಮನುಷ್ಯರಿಗೆ ಹೆಚ್ಚು ಕಾಟ ಕೊಡುವುದು ಆಡಿನದೇ. 1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಸೇನಾ ವೈದ್ಯ ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಇದನ್ನು ಕಂಡುಹಿಡಿದರಂತೆ. ಅದು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಮತ್ತೆ ಹತ್ತಿರ ಹತ್ತಿರ 20 ವರ್ಷ ಹಿಡಿಯಿತು. 1905ರಲ್ಲಿ ಅಲ್ಲಿನವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿತ್ ಆಡಿನ ರಕ್ತ ಪರೀಕ್ಷಿಸಿ ನೋಡಿದಾಗ ಉತ್ತರ ಸಿಕ್ಕಿತು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೂ ರೋಗ ಇತ್ತು.

ಅಷ್ಟು ದೂರ ಯಾಕೆ, ನಮ್ಮ ವಿಜಯಪುರದಲ್ಲೇ ಇದರ ಬಗ್ಗೆ ದೊಡ್ಡ ಕೆಲಸ ಆಗಿದೆ. ಡಾ. ಬಿ. ಜಿ. ಮಂಟೂರ ಮತ್ತು ಅವರ ಜೊತೆಗಾರರು 16 ವರ್ಷಗಳಲ್ಲಿ ಕಂಡ 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಮಕ್ಕಳ ಬಗ್ಗೆಯೂ ಬೇರೆ ಅಧ್ಯಯನ ಮಾಡಿದ್ದಾರೆ. ನಮ್ಮ ಊರಿನಂಥ ಊರುಗಳಿಂದಲೇ ಬಂದ ಜ್ವರದ ರೋಗಿಗಳ ರಕ್ತವನ್ನು ತಾಳ್ಮೆಯಿಂದ ಪರೀಕ್ಷೆ ಮಾಡುತ್ತಾ ಹೋದ ಫಲ ಅದು. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ತಿಳಿದಿದ್ದರೂ ಹಳ್ಳಿಯ ಕ್ಲಿನಿಕ್ಕುಗಳಿಗೆ ಅದು ಮುಟ್ಟಿಲ್ಲ ಅನ್ನುವುದೇ ನನ್ನ ಸಂಕಟ.

ಎಂ.ಆರ್.ಐ. ಮಾಡಿಸಿದರು. ಸೊಂಟದ ಎಲುಬು ಬೆನ್ನೆಲುಬಿನ ಬುಡಕ್ಕೆ ಸೇರುವ ಕೀಲು ಇದೆಯಲ್ಲ, ಬಲಗಡೆಯ ಆ ಕೀಲು ಊದಿಕೊಂಡಿತ್ತು. ಅಲ್ಲಿಂದ ಹಿಂದಕ್ಕೆ ಕೂರುವ ಭಾಗದ ದಪ್ಪ ಮಾಂಸಖಂಡದಲ್ಲಿ ಒಂದು ಕೀವಿನ ಚೀಲ, ಮುಂದಕ್ಕೆ ಹೊಟ್ಟೆಯ ಒಳಬದಿಯ ಮಾಂಸಖಂಡದಲ್ಲಿ ಇನ್ನೊಂದು. ಮೊದಲು ಕೊಯ್ದಿದ್ದು ಮೇಲಿನ ತುದಿಯನ್ನಷ್ಟೇ. ಡಾಕ್ಟರು ಸಿನಿಮಾ ಪರದೆಯಂಥ ಬೆಳಕಿನಲ್ಲಿ ಫಿಲ್ಮ್ ಹಿಡಿದು ಬೆರಳಿಟ್ಟು ತೋರಿಸಿದರು. ಮಾಂಸಖಂಡಕ್ಕೆ ರಕ್ತದ ಹರಿವು ಚೆನ್ನಾಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ ಸೋಂಕು ನಿಲ್ಲುವುದಿಲ್ಲವಂತೆ. ಬ್ರುಸೆಲ್ಲಾ ಹೆಚ್ಚಾಗಿ ಹಿಡಿಯುವುದು ಕೀಲು, ಬೆನ್ನೆಲುಬು, ಯಕೃತ್ತು, ಗುಲ್ಮ. ಗಂಡಸರಲ್ಲಿ ವೃಷಣ ಊದುವುದೂ ಉಂಟು. ಮಾಂಸಖಂಡದಲ್ಲಿ ಕೀವಾದರೆ ಅದು ಬಹುಪಾಲು ಪಕ್ಕದ ಎಲುಬು ಅಥವಾ ಕೀಲಿನಿಂದ ಹರಡಿದ್ದು. ಎಲುಬಿನ ನಂಟೇ ಇಲ್ಲದೆ ರಕ್ತದ ಮೂಲಕ ನೇರವಾಗಿ ಬಂದು ಕೂರುವುದು ಇನ್ನೂ ಅಪರೂಪ. ಹೃದಯದ ಎಕೋ ಕೂಡ ಮಾಡಿದರು. ಈ ರೋಗದಲ್ಲಿ ಸಾವು ಕಡಿಮೆ. ಆಗುವ ಸಾವುಗಳಿಗೆ ದೊಡ್ಡ ಕಾರಣ ಹೃದಯದ ಕವಾಟಕ್ಕೆ ಸೋಂಕು ಹತ್ತುವುದು. ನನ್ನ ಕವಾಟಗಳು ಸರಿಯಾಗಿದ್ದವು.

ಔಷಧಿ ಶುರು ಮಾಡುವ ಮೊದಲು ಇನ್ನೊಂದು ವಿಷಯ ಪಕ್ಕಾ ಆಗಬೇಕಿತ್ತು: ಟಿ.ಬಿ. ಅಲ್ಲ ಅನ್ನುವುದು. ಹೊಟ್ಟೆಯ ಒಳಬದಿಯ ಮಾಂಸಖಂಡದಲ್ಲಿ ನಿಧಾನವಾಗಿ ಕೀವು ತುಂಬಿದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಟಿ.ಬಿ.ಯೇ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಎಲ್ಲವೂ ಎರಡರಲ್ಲೂ ಒಂದೇ. ಬ್ರುಸೆಲ್ಲೋಸಿಸ್‌ಗೆ ಕೊಡುವ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಟಿ.ಬಿ.ಯ ಔಷಧಿಗಳು. ಒಳಗೆ ಟಿ.ಬಿ. ಇದ್ದು, ಅದರ ಪೂರ್ತಿ ಔಷಧಿ ಕೊಡದೆ ಇವನ್ನಷ್ಟೇ ಕೊಟ್ಟರೆ ಟಿ.ಬಿ. ರೋಗಾಣು ಔಷಧಿಗೇ ಬಗ್ಗದಂತೆ ಗಟ್ಟಿಯಾಗಿಬಿಡಬಹುದು. ತಿರುಗಿಸಿ ನೋಡಿದರೂ ಅಷ್ಟೇ. ಬ್ರುಸೆಲ್ಲೋಸಿಸ್ ಇರುವವರಿಗೆ ಟಿ.ಬಿ. ಅಂತ ಗುಳಿಗೆ ಕೊಟ್ಟರೆ ಅರ್ಧ ಗುಣವಾದಂತೆ ಕಂಡು ಎಲ್ಲರೂ ದಾರಿ ತಪ್ಪುತ್ತಾರೆ. ಹಾಗಾಗಿ ನನ್ನ ಕೀವನ್ನು ಸಿಬಿನ್ಯಾಟ್ ಪರೀಕ್ಷೆಗೂ ಕಳಿಸಿದರು. ಟಿ.ಬಿ. ಇಲ್ಲ ಅಂತ ಬಂತು. ಅವತ್ತು ನಮ್ಮ ಯಜಮಾನರು ವಾರ್ಡಿನ ಹೊರಗೆ ಹೋಗಿ ಊರಿಗೆ ಫೋನ್ ಮಾಡಿ ಜೋರಾಗಿ ಮಾತಾಡಿದ್ದು ಒಳಗೆ ನನಗೆ ಕೇಳಿಸಿತು.

ಕೀವು ತೆಗೆದ ರೀತಿ ಈ ಸಲ ಬೇರೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತೆಳ್ಳನೆಯ ನಳಿಕೆಯನ್ನು ಕೀವಿನ ಚೀಲದೊಳಗೆ ಇಳಿಸಿದರು. ಒಳಗೆ ಹೋದ ಮೇಲೆ ಅದರ ತುದಿ ಸುರುಳಿಯಾಗಿ ನಿಲ್ಲುತ್ತದೆ, ಜಾರಿ ಹೊರಬರುವುದಿಲ್ಲ. ಹೊರಗಿನ ತುದಿಗೆ ಒಂದು ಚೀಲ. ಒಳಗಡೆಯ ಇನ್ನೊಂದು ಸಣ್ಣದಿತ್ತು, ಅದನ್ನು ಸೂಜಿಯಿಂದಲೇ ಎಳೆದರು. ನಳಿಕೆ ಹಾಕುವಾಗ ನೋವಿಗಿಂತ ಒತ್ತಡ ಜಾಸ್ತಿ. ಕೀವು ತಿಳಿ ಹಳದಿ, ನಡುನಡುವೆ ರಕ್ತದ ಎಳೆ. ದಿನಾ ಬೆಳಗ್ಗೆ ಸಿಸ್ಟರ್ ಚೀಲದಲ್ಲಿ ಎಷ್ಟಿದೆ ಅಂತ ಅಳೆದು ಬರೆಯುತ್ತಿದ್ದರು. ನಡೆಯುವಾಗ ಆ ಚೀಲವನ್ನು ಸೀರೆಯ ನೆರಿಗೆಯ ಪಕ್ಕ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಿದ್ದೆ. ಚೀಲ ಯಾವಾಗಲೂ ಗಾಯಕ್ಕಿಂತ ಕೆಳಗಿರಬೇಕು. ಮೇಲೆತ್ತಿದರೆ ಹೊರಬಂದದ್ದು ಮತ್ತೆ ಒಳಗೆ ಹೋಗುತ್ತದೆ. ಪಕ್ಕದ ಹಾಸಿಗೆಯ ಅಜ್ಜಿ ನಾನು ಮಗ್ಗುಲಾದಾಗಲೆಲ್ಲ ಚೀಲದ ಮೇಲೆ ಕಣ್ಣಿಟ್ಟಿರುತ್ತಿದ್ದರು. ದಿನಕ್ಕೆ 10 ಎಂ.ಎಲ್.ಗಿಂತ ಕಡಿಮೆ ಬರತೊಡಗಿ, ಸ್ಕ್ಯಾನ್‌ನಲ್ಲೂ ಚೀಲ ಕುಗ್ಗಿದ ಮೇಲೆ ನಳಿಕೆ ತೆಗೆದರು.

ಆದರೆ ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಅಂದರೆ ಗುಳಿಗೆ. ತೊಡಕಿಲ್ಲದ ಬ್ರುಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, 6 ವಾರ. ಜೊತೆಗೆ ರಿಫಾಂಪಿಸಿನ್ 6 ವಾರ, ಇಲ್ಲವೇ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ದಿನಾ 2ರಿಂದ 3 ವಾರ. ಒಂದೇ ಔಷಧಿ ಕೊಟ್ಟರೆ ರೋಗ ಮರುಕಳಿಸುವುದು ಜಾಸ್ತಿ. ನನಗೆ ಕೀಲು, ಮಾಂಸಖಂಡ ಎರಡೂ ಕೆಟ್ಟಿದ್ದರಿಂದ ಮೂರನ್ನೂ ಕೊಟ್ಟರು; ಇಂಜೆಕ್ಷನ್ 3 ವಾರ, ಗುಳಿಗೆಗಳು ಕಡಿಮೆಯೆಂದರೆ 3 ತಿಂಗಳು. ಇದು ನನ್ನ ದೇಹ, ನನ್ನ ತೂಕ, ನನ್ನ ಕಿಡ್ನಿ ನೋಡಿ ಅವರು ಬರೆದದ್ದು. ಮಕ್ಕಳಿಗೆ, ಗರ್ಭಿಣಿಯರಿಗೆ ಔಷಧಿ ಬೇರೆ. ಶುರು ಮಾಡುವ ಮೊದಲು ಬಸಿರೇನಾದರೂ ಇದೆಯಾ ಅಂತ ನನ್ನನ್ನೂ ಕೇಳಿದರು. ನನ್ನದು ಆಪರೇಷನ್ ಆಗಿದೆ. ಆಗದವರು ತಿಳಿದಿರಬೇಕಾದ್ದು ಒಂದಿದೆ. ರಿಫಾಂಪಿಸಿನ್ ತೆಗೆದುಕೊಳ್ಳುವಾಗ ಬಸಿರು ತಡೆಯುವ ಗುಳಿಗೆಯ ಶಕ್ತಿ ಕುಗ್ಗುತ್ತದೆ. ನಾಚಿಕೊಳ್ಳದೆ ಡಾಕ್ಟರನ್ನು ಕೇಳಿ.

ಊರಿಗೆ ಬಂದ ಮೇಲೆ ಉಳಿದ ಇಂಜೆಕ್ಷನ್‌ಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹಾಕಿದರು. ದಿನಾ ಸೂಜಿ ಹಾಕುವ ಮೊದಲು "ಕಿವ್ಯಾಗ ಗುಂಯ್ ಅಂತೈತೇನ್ರಿ? ತಲಿ ತಿರಗತೈತೇನ್ರಿ?" ಅಂತ ಕೇಳುತ್ತಿದ್ದರು. ಸ್ಟ್ರೆಪ್ಟೊಮೈಸಿನ್ ಕಿವಿಗೂ ಕಿಡ್ನಿಗೂ ತೊಂದರೆ ಮಾಡಬಹುದು. ಆ ಸಿಸ್ಟರ್ ಒಂದು ದಿನವೂ ಕೇಳುವುದನ್ನು ಬಿಡಲಿಲ್ಲ. ಅವರ ಋಣ ನನ್ನ ಮೇಲಿದೆ.

ರಿಫಾಂಪಿಸಿನ್ ನುಂಗಿದರೆ ಮೂತ್ರ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಬೆವರು, ಕಣ್ಣೀರಿಗೂ ಬಣ್ಣ ಬರುತ್ತದೆ. ಹೆದರಬೇಕಾಗಿಲ್ಲ. ಅದನ್ನು ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಡಾಕ್ಸಿಸೈಕ್ಲಿನ್ ಊಟದ ಮೇಲೆ, ತುಂಬಿದ ಲೋಟ ನೀರಿನ ಜೊತೆ. ನುಂಗಿ ಕೂಡಲೇ ಮಲಗಬಾರದು. ಗುಳಿಗೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಮೈಯಲ್ಲಿ ರಕ್ತ ಕಡಿಮೆ ಅಂತ ನನಗೆ ಕಬ್ಬಿಣಾಂಶದ ಗುಳಿಗೆಯನ್ನೂ ಕೊಟ್ಟಿದ್ದರು. ಅದನ್ನು ಡಾಕ್ಸಿಸೈಕ್ಲಿನ್ ಜೊತೆ ನುಂಗಿದರೆ ಡಾಕ್ಸಿ ಮೈಗೆ ಹತ್ತುವುದಿಲ್ಲ. ಹಾಗಾಗಿ ಎರಡರ ನಡುವೆ ಹಲವು ಗಂಟೆ ಬಿಡಬೇಕಿತ್ತು. ಹಾಲು, ಆ್ಯಸಿಡಿಟಿ ಗುಳಿಗೆಗೂ ಇದೇ ಮಾತು. ಮಗಳು ಕ್ಯಾಲೆಂಡರಿನ ಮೇಲೆ ಯಾವ ಗುಳಿಗೆ ಯಾವಾಗ ಅಂತ ಬಣ್ಣದ ಪೆನ್ನಿನಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಹಾಕಿದಳು.

ಇನ್ನು ಬಿಸಿಲು. ನನ್ನ ಚಿಕಿತ್ಸೆ ಶುರುವಾದದ್ದು ಬಸವ ಜಯಂತಿಯ ಹೊತ್ತಿಗೆ. ನಮ್ಮ ಕಡೆ ಆ ದಿನಗಳ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹಟ್ಟಿಯಿಂದ ಬೋರಿನವರೆಗೆ ಹೋಗಿ ಬಂದರೂ ಮುಂಗೈ ಉರಿದು ಕೆಂಪಾಗುತ್ತಿತ್ತು. ಯಜಮಾನರ ತುಂಬುತೋಳಿನ ಅಂಗಿಯನ್ನು ಕುಪ್ಪಸದ ಮೇಲೆ ಹಾಕಿಕೊಂಡು, ಸೆರಗನ್ನು ಮುಖದವರೆಗೆ ಎಳೆದುಕೊಂಡು ಓಡಾಡಿದೆ. ಹೊಲದ ಕೆಲಸ ಬಿಟ್ಟೇಬಿಟ್ಟೆ.

ಔಷಧಿ ಅಂಗಡಿಯಲ್ಲಿ ರಿಫಾಂಪಿಸಿನ್ ಚೀಟಿ ನೋಡಿ "ಟಿ.ಬಿ. ಐತೇನ್ರಿ ಅಕ್ಕಾರ?" ಅಂತ ನಾಲ್ಕು ಜನರ ಎದುರೇ ಕೇಳಿದರು. ಊರಲ್ಲಿ ಸುದ್ದಿ ಹರಡಲು ಅಷ್ಟು ಸಾಕು. ಕೆಲವರು ನಮ್ಮ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಸಂಘದ ಸಭೆಯಲ್ಲಿ ನಾನೇ ಎದ್ದು ನಿಂತು ಎಲ್ಲ ಹೇಳಿದೆ. ಇದು ಟಿ.ಬಿ. ಅಲ್ಲ; ಟಿ.ಬಿ. ಆಗಿದ್ದರೂ ಗುಣವಾಗುವ ರೋಗವೇ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ವಿರಳ. ಬರುವುದು ಹಟ್ಟಿಯಿಂದ, ಹಸಿ ಹಾಲಿನಿಂದ. ಅವತ್ತು ಸಭೆ ಮುಗಿದ ಮೇಲೆ ಇಬ್ಬರು ಹೆಂಗಸರು ಹಿಂದೆ ಬಂದು, ತಮ್ಮ ಗಂಡಂದಿರಿಗೂ ಬಿಟ್ಟು ಬಿಟ್ಟು ಜ್ವರ ಬರುತ್ತಿದೆ, ಕುರಿ ಕಾಯುತ್ತಾರೆ ಅಂದರು. ಪರೀಕ್ಷೆ ಮಾಡಿಸಿದಾಗ ಒಬ್ಬರಿಗೆ ಇದೇ ರೋಗ ಇತ್ತು. ಕೀವಾಗುವ ಮೊದಲೇ ಸಿಕ್ಕಿದ್ದರಿಂದ ಅವರಿಗೆ 6 ವಾರದ ಔಷಧಿಯೇ ಸಾಕಾಯಿತು.

ನಮ್ಮ ಮನೆಯವರೆಲ್ಲರ ರಕ್ತವನ್ನೂ ನೋಡಿದರು. ಅತ್ತೆಯ ರಕ್ತದಲ್ಲಿ ಪ್ರತಿಕಾಯ ಇತ್ತು, ಆದರೆ ಜ್ವರ, ನೋವು ಏನೂ ಇರಲಿಲ್ಲ. ಜೀವನವಿಡೀ ಹಟ್ಟಿಯಲ್ಲಿ ಇದ್ದವರಲ್ಲಿ ಹೀಗೆ ಕಾಣುತ್ತದಂತೆ. ಅವರಿಗೆ ಔಷಧಿ ಕೊಡದೆ, ಜ್ವರ ಬಂದರೆ ಕೂಡಲೇ ಬನ್ನಿ ಅಂತ ಹೇಳಿ ಕಳಿಸಿದರು. ಮಕ್ಕಳದು ಸರಿಯಾಗಿತ್ತು.

ಪಶು ವೈದ್ಯರು ಬಂದು ಆಡು, ಎಮ್ಮೆಗಳ ರಕ್ತ ತೆಗೆದುಕೊಂಡು ಹೋದರು. ಎಮ್ಮೆಗಳಿಗೆ ಇರಲಿಲ್ಲ. ಕಂದು ಹಾಕಿದ ಆಡುಗಳ ಜೊತೆ, ನೋಡಲು ಚೆನ್ನಾಗಿದ್ದ ಒಂದರಲ್ಲೂ ರೋಗ ಇತ್ತು. ಅದು ಎರಡು ಸಲ ಅವಳಿ ಮರಿ ಹಾಕಿದ ಆಡು. ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋದರೆ ಒಳ್ಳೆ ರೇಟು ಬರುತ್ತದೆ ಅಂತ ನೆರೆಯವರು ಹೇಳಿದರು. ಹಾಗೆ ಮಾಡಿದರೆ ರೋಗ ಇನ್ನೊಬ್ಬರ ಹಟ್ಟಿಗೆ ಹೋಗುತ್ತದೆ. ಅಲ್ಲೂ ನನ್ನಂಥ ಒಬ್ಬಳು ಬರಿಗೈಯಲ್ಲಿ ಕಸ ತೆಗೆಯುತ್ತಾಳೆ. ನಾವು ಮಾರಲಿಲ್ಲ. ಬೇರೆ ಕಟ್ಟಿ, ಹೋತದ ಜೊತೆ ಬಿಡದೆ, ಹಾಲು ಕರೆಯದೆ ಇಟ್ಟಿದ್ದೇವೆ. ಸಂಘದ ಸಾಲದ ಕಂತು ಯಜಮಾನರ ಸಂಬಳದಿಂದ ಹೋಗುತ್ತಿದೆ. ಆಡಿಗೆ ಔಷಧಿ ಕೊಟ್ಟು ಗುಣ ಮಾಡುತ್ತೇವೆ ಅನ್ನುವ ಭರವಸೆ ಯಾವ ಪಶು ವೈದ್ಯರೂ ಕೊಡುವುದಿಲ್ಲ. ದನ-ಎಮ್ಮೆಗಳ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕುವ ಲಸಿಕೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ಉಚಿತವಾಗಿ ಹಾಕುತ್ತಾರೆ. ಕಾಲುಬಾಯಿ ಲಸಿಕೆಗೆ ಬಂದಾಗ ಇದನ್ನೂ ಕೇಳಿ ಹಾಕಿಸಿಕೊಳ್ಳಿ. ಆದರೆ ಆ ಲಸಿಕೆ ಆಡು, ಕುರಿಗಳಿಗಲ್ಲ. ಕುರಿಗಾರರು, ಆಡು ಸಾಕುವ ಹೆಂಗಸರು ಇಷ್ಟು ಜನ ಇರುವ ನಾಡಿನಲ್ಲಿ ಅವುಗಳಿಗೂ ಒಂದು ದಾರಿ ಆಗಬೇಕು. ಗ್ರಾಮಸಭೆಯಲ್ಲಿ ನಾವು ಇದನ್ನು ಬರೆದು ಕೊಟ್ಟಿದ್ದೇವೆ.

ಹಟ್ಟಿಯಲ್ಲಿ ಈಗ ಕೆಲವು ಬದಲಾವಣೆ ಆಗಿವೆ. ಈಯುವ ಹೊತ್ತಿಗೆ ಮೊಣಕೈವರೆಗಿನ ಪ್ಲಾಸ್ಟಿಕ್ ಕೈಗವಸು, ಬಾಯಿಗೆ ಮಾಸ್ಕ್. ಕಂದು ಹಾಕಿದ ಮರಿ, ಕಸ ಎರಡನ್ನೂ ನಾಯಿ ಕೆದರದಷ್ಟು ಆಳದ ಗುಂಡಿಗೆ ಹಾಕಿ, ಮೇಲೆ ಸುಣ್ಣ ಸುರಿದು ಮುಚ್ಚುತ್ತೇವೆ. ಮೊದಲು ಅದನ್ನು ತಿಪ್ಪೆಗೆ ಎಸೆಯುವುದು ಊರಿನ ವಾಡಿಕೆ. ಒದ್ದೆ ನೆಲದಲ್ಲಿ, ನೆರಳಿನಲ್ಲಿ ಈ ರೋಗಾಣು ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರುತ್ತದೆ. ಬಿಸಿಲಿಗೆ ಬೇಗ ಸಾಯುತ್ತದೆ. ಹಾಲು ಉಕ್ಕಿ ಬರುವವರೆಗೆ ಕಾಸಿದರೆ ಅದರಲ್ಲಿ ಉಳಿಯುವುದಿಲ್ಲ. ಹಸುಗೂಸಿಗೆ ಕೆಮ್ಮಿಗೆ ಒಳ್ಳೆಯದು ಅಂತ ಆಡಿನ ಹಸಿ ಹಾಲು ಕುಡಿಸುವುದು ಇನ್ನೂ ಇದೆ. ದಯವಿಟ್ಟು ಕಾಸಿ ಕೊಡಿ.

ನಾಗರ ಪಂಚಮಿ ಕಳೆದ ಮೇಲೆ ಗುಳಿಗೆ ನಿಲ್ಲಿಸಿದರು. ಮತ್ತೊಮ್ಮೆ ಎಂ.ಆರ್.ಐ. ಆಯಿತು, ಕೀವಿನ ಚೀಲಗಳು ಹೋಗಿವೆ, ಕೀಲಿನ ಊತ ಇಳಿದಿದೆ. ಬಲಗಾಲಿನ ಬಲ ಪೂರ್ತಿ ಬಂದಿಲ್ಲ, ಫಿಸಿಯೋದವರು ಹೇಳಿಕೊಟ್ಟ ವ್ಯಾಯಾಮ ನಡೆದಿದೆ. ಈ ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ವರ್ಷದೊಳಗೇ. ಪ್ರತಿಕಾಯಗಳು ಬಹಳ ಕಾಲ ರಕ್ತದಲ್ಲಿ ಉಳಿಯುತ್ತವೆ, ಹಾಗಾಗಿ ಒಂದು ಪರೀಕ್ಷೆ ಪಾಸಿಟಿವ್ ಬಂತು ಅಂತಲೇ ರೋಗ ಮತ್ತೆ ಬಂತು ಅಂತ ಅಲ್ಲ. ಜ್ವರ, ಬೆವರು, ಸೊಂಟ ನೋವು ಬಂದರೆ ಮಾತ್ರ ತಡ ಮಾಡಬಾರದು. ವರ್ಷ ತುಂಬುವವರೆಗೆ ಕೆಲವು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು. ಮುಂದಿನ ತಾರೀಕು ದಸರಾ ಆದ ಮೇಲೆ ಇದೆ. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ, ಅವರ ರಕ್ತವನ್ನೂ ಇನ್ನೊಮ್ಮೆ ನೋಡಬೇಕಂತೆ.